ನೀರುಬ್ರಾಹ್ಮಿಗೆ ಬೇಕು 12 ವಾರ

ಮಲೆನಾಡು, ಕರಾವಳಿಯ ಹಿತ್ತಿಲುಗಳಲ್ಲಿ ತೇವ ಇರುವ ಕಡೆಯೆಲ್ಲ ಒಂದೆಲಗ ಹಬ್ಬಿರುತ್ತದೆ. ಒಂದು ಹಿಡಿ ಕಿತ್ತು ತೊಳೆದು, ತೆಂಗಿನತುರಿ, ಜೀರಿಗೆ, ಕಾಳುಮೆಣಸಿನ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ. ನೆನಪಿನ ಶಕ್ತಿಗೆ ಒಳ್ಳೆಯದೆಂದು ಮಕ್ಕಳಿಗೆ ಒಂದು ಸೌಟು ಹೆಚ್ಚೇ ಬಡಿಸುತ್ತಾರೆ.

ಆದರೆ ಬ್ರಾಹ್ಮಿ ಎನ್ನಿಸಿಕೊಳ್ಳುವ ಗಿಡಗಳು ಎರಡಿವೆ. ಒಂದೆಲಗ ಕೊತ್ತಂಬರಿಯ ಕುಟುಂಬದ್ದು. ನೆಲಕ್ಕಂಟಿ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ಎಲೆ ದುಂಡಗೆ. ನೀರುಬ್ರಾಹ್ಮಿ ಜೌಗು ನೆಲದ, ನೀರಂಚಿನ ಸಸ್ಯ; ಪುಟ್ಟ ದಪ್ಪ ಎಲೆ, ಅಗಿದರೆ ಕಹಿ. ಮೊದಲನೆಯದರಲ್ಲಿರುವುದು ಏಷಿಯಾಟಿಕೋಸೈಡ್ ಎಂಬ ಸಂಯುಕ್ತ, ಎರಡನೆಯದರಲ್ಲಿ ಬಕೋಸೈಡ್. ಸಿರಪ್ ಕೊಳ್ಳುವವರು ಲೇಬಲ್ಲಿನಲ್ಲಿ ಸೆಂಟೆಲ್ಲಾ (ಒಂದೆಲಗ) ಎಂದಿದೆಯೋ, ಬಕೋಪಾ (ನೀರುಬ್ರಾಹ್ಮಿ) ಎಂದಿದೆಯೋ ನೋಡಿಕೊಳ್ಳಲೇಬೇಕು.

ಮನುಷ್ಯರ ಮೇಲೆ ಹೆಚ್ಚು ಪರೀಕ್ಷೆ ನಡೆದಿರುವುದು ನೀರುಬ್ರಾಹ್ಮಿಯದ್ದು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲೇ ಇಲಿಗಳ ಕಲಿಕೆಯ ಮೇಲೆ ಅದರ ಪ್ರಭಾವವನ್ನು ಗುರುತಿಸಿದ್ದರು. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ 40ರಿಂದ 65 ವಯಸ್ಸಿನ 76 ಮಂದಿ ಇದ್ದರು. ಕೆಲವರಿಗೆ ಮೂರು ತಿಂಗಳು ಗಿಡದ ಸಾರ, ಉಳಿದವರಿಗೆ ಹುಸಿಮಾತ್ರೆ. ಪರಸ್ಪರ ಸಂಬಂಧವಿಲ್ಲದ ಜೋಡಿ ಪದಗಳನ್ನು ಕಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುವುದೂ ಪರೀಕ್ಷೆಯ ಭಾಗವಾಗಿತ್ತು. ಕಲಿಯುವ ವೇಗದಲ್ಲಿ ಎರಡೂ ಗುಂಪು ಒಂದೇ. ಗಿಡದ ಸಾರ ತೆಗೆದುಕೊಂಡವರು ಹೊಸದಾಗಿ ಕಲಿತದ್ದನ್ನು ಮರೆಯುವುದು ಮಾತ್ರ ಕಡಿಮೆಯಾಗಿತ್ತು.

ಇದು ಸಣ್ಣ ಸಂಗತಿಯಲ್ಲ. ಮಗು ಬೇಗ ಕಲಿಯಲಿ ಎಂದು ಬಾಟಲಿ ತರುವ ತಂದೆತಾಯಿ ಗಿಡದಿಂದ ಬಯಸುತ್ತಿರುವುದು ಈ ಅಧ್ಯಯನದಲ್ಲಿ ಅದು ಕೊಡದ ವರವನ್ನು.

ಕೊಡುವುದನ್ನೂ ಅದು ನಿಧಾನವಾಗಿಯೇ ಕೊಡುತ್ತದೆ. 300 ಮಿಲಿಗ್ರಾಂ ಒಮ್ಮೆ ಕೊಟ್ಟು ಎರಡು ಗಂಟೆಯ ನಂತರ ಪರೀಕ್ಷಿಸಿದಾಗ ಯಾವ ಬದಲಾವಣೆಯೂ ಕಾಣಲಿಲ್ಲ. ಅದೇ ಪ್ರಮಾಣವನ್ನು ದಿನವೂ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಪರಿಣಾಮ ಎದ್ದು ಕಂಡದ್ದು 12ನೇ ವಾರದಲ್ಲಿ.

ಒಂದೆಲಗದ ವಿಷಯದಲ್ಲಿ ಮಣಿಪಾಲದ ಸಂಶೋಧಕರ ಕೆಲಸ ಕುತೂಹಲಕರ. ಅವರು ಎಳೆಯ ಇಲಿಗಳಿಗೆ ಹಸಿ ಎಲೆಯ ರಸವನ್ನೇ ಕೆಲವು ವಾರ ಕುಡಿಸಿದರು. ಮೆದುಳಿನ ನರಕೋಶಗಳಲ್ಲಿ, ಸಂದೇಶ ಸ್ವೀಕರಿಸುವ ಕವಲುಗಳು ಹೆಚ್ಚು ಟಿಸಿಲೊಡೆದಿದ್ದವು. ಇಲಿಯಲ್ಲಿ ಕಂಡದ್ದು ಮಕ್ಕಳಲ್ಲೂ ಹಾಗೇ ಆಗುತ್ತದೆಂದು ಹೇಳಲು ಇಷ್ಟು ಸಾಲದು.

ಊಟದ ತಂಬುಳಿಗೆ ಯಾವ ಅಡ್ಡಿಯೂ ಬೇಡ. ಸಾಂದ್ರಗೊಳಿಸಿದ ನೀರುಬ್ರಾಹ್ಮಿ ಸಾರದ ಮಾತು ಬೇರೆ: ಕೆಲವರಿಗೆ ಹೊಟ್ಟೆ ನುಲಿಯುತ್ತದೆ, ವಾಕರಿಕೆ ಬರುತ್ತದೆ, ಭೇದಿಯೂ ಆಗುತ್ತದೆ. ಪರೀಕ್ಷೆಗೆ ವಾರವಿರುವಾಗ ಶುರುಮಾಡಿದರೆ ಲಾಭ ಕಾಣುವ ಮೊದಲೇ ಈ ತೊಂದರೆಗಳು ಎದುರಾಗಬಹುದು.