ಲಿದ್ದರ್ ನದಿಯ ಅತಿಥಿ

ಕಾಶ್ಮೀರದ ಲಿದ್ದರ್ ನದಿಯಲ್ಲಿ ಮನೆಮಾಡಿರುವ ಕಂದು ಟ್ರೌಟ್ ಮೀನು ಆ ನಾಡಿನದಲ್ಲ. ಕಡಲು ದಾಟಿ ಬಂದ ಅತಿಥಿ. 1899ರಲ್ಲಿ ಬ್ರಿಟನ್ನಿನಿಂದ ಹೊರಟ ಮೊಟ್ಟೆಗಳು ದಾರಿಯಲ್ಲೇ ಹಾಳಾದವು. ಆದರೂ ಎದೆಗುಂದದೆ 1900ರಲ್ಲಿ ಸ್ಕಾಟ್ಲೆಂಡಿನಿಂದ ಮತ್ತೆ ತರಿಸಿದವು ಬದುಕಿದವು. ಫ್ರಾಂಕ್ ಮಿಚೆಲ್ ಎಂಬವರ ಆರೈಕೆಯಲ್ಲಿ ಮರಿಗಳು ಬೆಳೆದವು. ಮುಂದೆ ಹಾರ್ವನ್ನಿನ ಮೀನುಮರಿ ಕೇಂದ್ರದಿಂದ ಕಣಿವೆಯ ತೊರೆಗಳಿಗೆ ಹರಡಿದವು.

ಈ ಮೀನನ್ನು ಹಿಡಿಯುವುದು ತಾಳ್ಮೆಯ ವಿದ್ಯೆ. ಅದು ಬಂಡೆಯ ಮರೆಯಲ್ಲಿ ಹರಿವಿಗೆ ಮುಖಮಾಡಿ ನಿಂತು, ತೇಲಿಬರುವ ಹುಳುಹುಪ್ಪಟೆಗಳಿಗಾಗಿ ಕಾಯುತ್ತದೆ. ಆದುದರಿಂದ ಗಾಳ ಹಾಕುವವನು ಅದರ ಬೆನ್ನ ಹಿಂದಿನಿಂದ ಮೆಲ್ಲನೆ ಬರಬೇಕು. ಗರಿ, ದಾರಗಳಿಂದ ಕಟ್ಟಿದ ಹುಸಿನೊಣವು ನಿಜದ ನೊಣದಂತೆಯೇ ನೀರಿನ ಮೇಲೆ ಇಳಿಯಬೇಕು. ನೆರಳು ಬಿದ್ದರೆ, ಹೆಜ್ಜೆ ಅದುರಿದರೆ, ಮೀನು ಮಾಯ!

ಆದರೆ ಗಾಳಕ್ಕಿಂತ ದೊಡ್ಡ ಗಂಡಾಂತರ ಬೇರೊಂದುಂಟು. ಟ್ರೌಟ್ ಮೀನಿಗೆ ಬೇಕಾದುದು ತಣ್ಣೀರು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಮೀರಿತೆಂದರೆ ಅದಕ್ಕೆ ಸಂಕಟ. ಲಿದ್ದರಿಗೆ ನೀರೂಡುವ ಕೊಲಹೋಯ್ ಹಿಮನದಿಯೋ ಕುಗ್ಗುತ್ತಲೇ ಇದೆ. ಸಾಗರ ದಾಟಿ ಬಂದು ನೆಲೆನಿಂತ ಅತಿಥಿ ಇನ್ನೂ ಉಳಿಯಬೇಕಾದರೆ, ಮನೆಯ ತಂಪು ಉಳಿಯಬೇಕು.