ಸಂಶೋಧನ ವಿಕಿಯ ಸ್ಥಳಾಂತರ: ಶಿಕಾರಿಪುರ–ಸೊರಬ ಸೀಮೆಯ ಟಿಪ್ಪಣಿಗಳ ನಿದರ್ಶನ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶರಣಚರಿತ್ರೆಯ ಅಭ್ಯಾಸಿಗಳಿಗೆ ಮಹತ್ತ್ವದ ಪ್ರದೇಶಗಳು. ಅಲ್ಲಮಪ್ರಭುದೇವರ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ, ಕದಂಬರ ಸ್ತಂಭಶಾಸನವುಳ್ಳ ತಾಳಗುಂದ ಇವು ಶಿಕಾರಿಪುರಕ್ಕೆ ಸೇರಿದವು. ಕುಬಟೂರು, ಚಂದ್ರಗುತ್ತಿಗಳು ಸೊರಬಕ್ಕೆ ಸೇರಿದವು. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿಯೂ (1902) ಸೊರಬದವನ್ನು 8ನೆಯ ಸಂಪುಟದಲ್ಲಿಯೂ (1904) ತಾಲ್ಲೂಕುವಾರು ಕ್ರಮಸಂಖ್ಯೆಯೊಡನೆ ಪ್ರಕಟಿಸಿದರು. ಬಳ್ಳಿಗಾವೆಯ ಕೋಡಿಯಮಠವನ್ನು ವಿದ್ಯಾಸ್ಥಾನವೆಂದೂ ಅನ್ನ-ಔಷಧಗಳ ದಾನಸ್ಥಾನವೆಂದೂ ವರ್ಣಿಸುವ 1162ರ ಶಾಸನವು ಇಂದಿಗೂ ‘ಶಿಕಾರಿಪುರ 102’ ಎಂದೇ ವಿದ್ವಾಂಸರಲ್ಲಿ ಪರಿಚಿತವಾಗಿದೆ.

ಇಂತಹ ಕ್ಷೇತ್ರದಲ್ಲಿ ಒಂದು ಟಿಪ್ಪಣಿಯು ಮತ್ತೊಂದರ ನೆರವಿಲ್ಲದೆ ಪೂರ್ಣವಾಗದು. ಹರಿಹರನ ರಗಳೆಯ ಅಲ್ಲಮನು ಕಾಮಲತೆಯಲ್ಲಿ ಅನುರಕ್ತನಾಗುತ್ತಾನೆ. ಚಾಮರಸನ ಪ್ರಭುಲಿಂಗಲೀಲೆಯ ಅಲ್ಲಮನು ಮಾಯೆಗೆ ಸಿಲುಕುವವನಲ್ಲ. ಈ ಭೇದವನ್ನು ವಿವೇಚಿಸುವ ಅಭ್ಯಾಸಿಯು ಕಾವ್ಯದಿಂದ ಊರಿಗೆ, ಊರಿನಿಂದ ಶಾಸನಕ್ಕೆ, ಶಾಸನದಿಂದ ಕಾಳಾಮುಖ ಪರಂಪರೆಗೆ ಹೋಗಿಬರಬೇಕಾಗುತ್ತದೆ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಅವರು 1995ರಲ್ಲಿ ಬಳಕೆಗೆ ತಂದ ‘ವಿಕಿ’ ಪದ್ಧತಿಯು ಇದಕ್ಕೆ ಅನುಕೂಲವಾದುದು. ಹವಾಯಿ ಭಾಷೆಯಲ್ಲಿ ಆ ಪದಕ್ಕೆ ಶೀಘ್ರ ಎಂದರ್ಥ. ಇಲ್ಲಿ ಪ್ರತಿಯೊಂದು ಪುಟಕ್ಕೂ ಒಂದು ಹೆಸರು. ಆ ಹೆಸರೇ ಇತರ ಪುಟಗಳಿಂದ ಅದನ್ನು ತಲಪುವ ಕೊಂಡಿ.

ಇಂತಹ ಸಂಗ್ರಹವು ದೂರದ ಬಾಡಿಗೆಯ ಸರ್ವರಿನಲ್ಲಿದ್ದರೆ ಎರಡು ತೊಡಕುಗಳುಂಟು. ಮಳೆಗಾಲದಲ್ಲಿ ಸಂಪರ್ಕ ಕಡಿದಾಗ ಅಭ್ಯಾಸವು ನಿಲ್ಲುತ್ತದೆ. ಅದಕ್ಕಿಂತ ಗಂಭೀರವಾದುದು ಇನ್ನೊಂದು: ಅಭ್ಯಾಸಿಯ ತರುವಾಯ ಬಾಡಿಗೆ ಕಟ್ಟುವವರಿಲ್ಲದಿದ್ದರೆ ಹತ್ತಾರು ವರ್ಷಗಳ ಶ್ರಮವು ಒಮ್ಮೆಗೇ ಅಳಿದುಹೋಗಬಹುದು. ಮನೆಯಲ್ಲಿಯೋ ಗ್ರಂಥಾಲಯದಲ್ಲಿಯೋ ಒಂದು ಸಣ್ಣ ಗಣಕಯಂತ್ರವನ್ನೇ ಸರ್ವರಾಗಿಸಿದರೆ, ಅದೇ ವೈಫೈ ವ್ಯಾಪ್ತಿಯ ಗಣಕ, ಮೊಬೈಲುಗಳು ಇಂಟರ್‌ನೆಟ್ ಇಲ್ಲದಿದ್ದರೂ ಅದನ್ನು ಓದಬಲ್ಲವು. 2012ರಲ್ಲಿ ಬ್ರಿಟನ್ನಿನಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ, ಕೆಲವೇ ವಾಟ್ ವಿದ್ಯುತ್ತಿನಲ್ಲಿ ನಡೆಯುವ ಅಂಗೈಯಗಲದ ಯಂತ್ರವೇ ಈ ಕಾರ್ಯಕ್ಕೆ ಸಾಕು.

ತಂತ್ರಾಂಶದ ಆಯ್ಕೆಯೂ ವಿಚಾರಣೀಯ. ವಿಕಿಪೀಡಿಯದ ಆಧಾರವಾದ ಮೀಡಿಯಾವಿಕಿಯು ಪುಟಗಳನ್ನು ಡೇಟಾಬೇಸಿನೊಳಗೆ ಇರಿಸುತ್ತದೆ. 2004ರಲ್ಲಿ ಹೊರಬಂದ ಡೊಕುವಿಕಿಯಲ್ಲಾದರೋ ಪ್ರತಿಯೊಂದು ಪುಟವೂ ಒಂದು ಸಾದಾ ಪಠ್ಯಕಡತ. ತಂತ್ರಾಂಶವು ಮುಂದೊಮ್ಮೆ ಕೆಟ್ಟರೂ ಯಾವುದೇ ಗಣಕದಲ್ಲಿ ಕಡತವನ್ನು ತೆರೆದು ಓದಬಹುದು. ಉತ್ತರಾಧಿಕಾರಿಗಳ ದೃಷ್ಟಿಯಿಂದ ಇದು ದೊಡ್ಡ ಗುಣ.

ಆದರೆ ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಎಚ್ಚರ ಅಗತ್ಯ. ಮೀಡಿಯಾವಿಕಿಯಲ್ಲಿ ಸಮಚಿಹ್ನೆಗಳು ಹೆಚ್ಚಿದಷ್ಟೂ ಶೀರ್ಷಿಕೆಯ ದರ್ಜೆ ಇಳಿಯುತ್ತದೆ, ಡೊಕುವಿಕಿಯಲ್ಲಿ ಏರುತ್ತದೆ. ಬಳ್ಳಿಗಾವಿ, ಬಳ್ಳಿಗಾವೆ, ಬೆಳಗಾಮಿ ಎಂಬ ನಾಮಭೇದಗಳನ್ನು ಒಂದೇ ಪುಟಕ್ಕೆ ತಿರುಗಿಸುವ ಸೌಕರ್ಯ ಮೀಡಿಯಾವಿಕಿಯಲ್ಲಿ ಸಹಜವಾಗಿದೆ. ಡೊಕುವಿಕಿಗೆ ಅದನ್ನು ಪ್ರತ್ಯೇಕ ಪ್ಲಗಿನ್ನಿನಿಂದ ಒದಗಿಸಬೇಕು. ಇದನ್ನು ಮರೆತರೆ ನಾಮಭೇದದ ಕೊಂಡಿಗಳೆಲ್ಲ ಕಡಿದುಹೋಗುತ್ತವೆ. ಆದುದರಿಂದ ಶಾಸನದ ಪುಟಗಳಿಗೆ ಊರ ಹೆಸರಿಗಿಂತ ‘ಶಿಕಾರಿಪುರ 102’ ಎಂಬಂತಹ ಸಂಪುಟಸಂಖ್ಯೆಯನ್ನೇ ಹೆಸರಾಗಿಡುವುದು ಕ್ಷೇಮ.

ಕನ್ನಡಕ್ಕೆ ವಿಶಿಷ್ಟವಾದ ತೊಡಕೂ ಒಂದುಂಟು. ಡೊಕುವಿಕಿಯು ಮೂಲವ್ಯವಸ್ಥೆಯಲ್ಲಿ ಕಡತದ ಹೆಸರಿನ ಪ್ರತಿಯೊಂದು ಕನ್ನಡ ಸಂಕೇತವನ್ನೂ ಒಂಬತ್ತು ರೋಮನ್ ಚಿಹ್ನೆಗಳಾಗಿ ಬಿಡಿಸಿ ಬರೆಯುತ್ತದೆ. ಒತ್ತು, ಗುಣಿತಗಳೂ ಪ್ರತ್ಯೇಕ ಸಂಕೇತಗಳೇ ಆದುದರಿಂದ ‘ಬಳ್ಳಿಗಾವೆ’ ಎಂಬುದರಲ್ಲಿ ಒಂಬತ್ತು ಸಂಕೇತಗಳಿವೆ. ಹೆಸರು 81 ಚಿಹ್ನೆಗಳಾಗುತ್ತದೆ. ಕಡತದ ಹೆಸರಿಗಿರುವ ಸಾಮಾನ್ಯ ಮಿತಿ 255. ದೀರ್ಘವಾದ ಹೆಸರುಳ್ಳ ಪುಟಗಳು ಈ ಕಾರಣದಿಂದ ಉಳಿಯಲಾರವು. ವ್ಯವಸ್ಥೆಯನ್ನು ಯುಟಿಎಫ್-8ಕ್ಕೆ ಮೊದಲೇ ಬದಲಿಸಿದರೆ ಅದೇ ಹೆಸರು 27 ಬೈಟುಗಳಲ್ಲಿ ಅಡಗುತ್ತದೆ. ಇದಲ್ಲದೆ ‘ಕೋ’ ಮೊದಲಾದ ದೀರ್ಘಾಕ್ಷರಗಳನ್ನು ಯುನಿಕೋಡಿನಲ್ಲಿ ಒಂದಕ್ಕಿಂತ ಹೆಚ್ಚು ವಿಧವಾಗಿ ಸಂಕೇತಿಸಬಹುದು. ಕಣ್ಣಿಗೆ ಒಂದೇ ಆದ ‘ಕೋಡಿಯಮಠ’ವು ಯಂತ್ರಕ್ಕೆ ಎರಡಾಗಬಹುದು. ಸಾಗಿಸುವ ಮುನ್ನವೇ ಎಲ್ಲವನ್ನೂ ಏಕರೂಪಕ್ಕೆ ತರಬೇಕು.

ಸಣ್ಣ ಯಂತ್ರಗಳಲ್ಲಿ ಬಳಸುವ ಮೆಮೊರಿ ಕಾರ್ಡು ಹಠಾತ್ತನೆ ವಿದ್ಯುತ್ತು ಹೋದಾಗ ಕೆಡುವ ಸಂಭವವಿದೆ. ಯಂತ್ರಕ್ಕೆ ಯುಪಿಎಸ್ ಆಸರೆ ಬೇಕು. ಕಡತಗಳ ಎರಡು ಪ್ರತಿಗಳಿರಬೇಕು, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಬೇಕು.

ಓಲೆಯ ಕಟ್ಟು ಶಿಥಿಲವಾದಾಗ ಹೊಸ ಗರಿಗಳ ಮೇಲೆ ಪ್ರತಿ ಮಾಡಿಕೊಂಡುದರಿಂದಲೇ ವಚನಗಳು ನಮ್ಮವರೆಗೆ ಬಂದಿವೆ. ಪ್ರತಿಕಾರನು ಎಚ್ಚರ ತಪ್ಪಿದಲ್ಲಿ ಪಾಠವೂ ತಪ್ಪಿದೆ. ವಿಕಿಯ ಸ್ಥಳಾಂತರವೂ ಇಂತಹದೇ ಪ್ರತಿಕಾರ್ಯ. ಹಳೆಯ ಸರ್ವರನ್ನು ಬಿಡುವ ಮೊದಲು ಎರಡರಲ್ಲಿಯೂ ಪುಟಗಳನ್ನು ಎಣಿಸಿ, ಮುಖ್ಯ ಪುಟಗಳ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಕಾಪಿಟ್ಟ ಪ್ರತಿಯಿಂದ ಇನ್ನೊಬ್ಬ ಅಭ್ಯಾಸಿಯು ಯಾರ ನೆರವೂ ಇಲ್ಲದೆ ಸಂಗ್ರಹವನ್ನು ತೆರೆಯಬಲ್ಲನೆ ಎಂದು ನೋಡಬೇಕು. ಅವನು ತೆರೆದು ಓದಿದ ದಿನವೇ ಸ್ಥಳಾಂತರವು ಪೂರ್ಣವಾಯಿತೆಂದು ತಿಳಿಯತಕ್ಕದ್ದು.