ಮುರಕಲ್ಲಿನ ಕಪ್ಪೆ, ಕತ್ತಲೆಕಾನಿನ ಕುಂಬಾರ

“ಎಂತ ಹುಡುಕುದು ಮಾರಾಯ್ರೆ ಈ ಹೊತ್ತಿಗೆ?”

ಜೂನ್ ತಿಂಗಳ ರಾತ್ರಿ ಮಣಿಪಾಲದ ಹೊರಗಿನ ಪಾದೆಯ ಮೇಲೆ ಟಾರ್ಚ್ ಹಿಡಿದು ಕುಕ್ಕರುಗಾಲಲ್ಲಿ ಕೂತವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳಿದವರು ಕೊಡೆ ಹಿಡಿದು ಮನೆ ಕಡೆ ಹೊರಟಿದ್ದ ಹಿರಿಯರೊಬ್ಬರು. ನನ್ನ ಜೊತೆಗಿದ್ದ ಹುಡುಗ ತಲೆ ಎತ್ತದೆ “ಕಪ್ಪೆ” ಎಂದ. ಅವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, “ತಿನ್ಲಿಕ್ಕಾ?” ಎಂದರು.

ತಿನ್ನಲಿಕ್ಕಲ್ಲ, ಕೇಳಲಿಕ್ಕೆ ಎಂದರೆ ನಂಬುವುದು ಕಷ್ಟವೇ. ಹುಡುಗ ಟಾರ್ಚ್ ಆರಿಸಿದ. ಮಳೆ ನಿಂತು ಹತ್ತು ನಿಮಿಷವಾಗಿತ್ತು. ಕತ್ತಲೆಯ ತುಂಬ ಜೀರುಂಡೆಗಳ ಸದ್ದು. ಅದರಲ್ಲೇ ಒಂದು ದನಿ ಜೀರುಂಡೆಯದಲ್ಲ ಎಂದು ಅವನು ಹೇಳಿದಾಗ ನನಗೆ ಏನೂ ಗೊತ್ತಾಗಲಿಲ್ಲ. ಕಾಲು ಗಂಟೆ ಸುಮ್ಮನೆ ಕೂತ ಮೇಲೆ ಆ ಗದ್ದಲದಿಂದ ಒಂದು ಎಳೆ ಬೇರೆಯಾಗಿ ಕಿವಿಗೆ ಬಿತ್ತು. ಟಾರ್ಚ್ ಹಾಕಿದರೆ, ಕೆಂಪು ಕಲ್ಲಿನ ಗುಳಿಯಲ್ಲಿ ನಿಂತ ಒಂದು ಬೊಗಸೆ ನೀರಿನ ಅಂಚಿಗೆ, ಹೆಬ್ಬೆರಳಿನ ಉಗುರಿನಷ್ಟೇ ದೊಡ್ಡ ಜೀವ. ತಿಳಿ ಕಂದು ಮೈ, ಬೆನ್ನ ಮೇಲೆ ಕಪ್ಪು ಗೀರು.

ಇದರ ಹೆಸರು ಮೈಕ್ರೋಹೈಲಾ ಲ್ಯಾಟರೈಟ್. ಸುಮಾರು 1.6 ಸೆಂಟಿಮೀಟರ್ ಉದ್ದದ ಕಿರುಬಾಯಿ ಕಪ್ಪೆ. 2016ರ ಮಾರ್ಚ್‌ನಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಇದರ ವಿವರ ಅಚ್ಚಾಗುವವರೆಗೆ ವಿಜ್ಞಾನದ ಲೆಕ್ಕದಲ್ಲಿ ಇಂಥದ್ದೊಂದು ಕಪ್ಪೆ ಇರಲೇ ಇಲ್ಲ. ಅದು ಕೂತಿದ್ದದ್ದಾದರೂ ಎಲ್ಲಿ? ದುರ್ಗಮ ಕಾಡಿನಲ್ಲಲ್ಲ. ಕಾಲೇಜು, ಆಸ್ಪತ್ರೆ, ಹಾಸ್ಟೆಲುಗಳ ಪಟ್ಟಣವಾದ ಮಣಿಪಾಲದ ಸುತ್ತಲಿನ ಬೋಳು ಕಲ್ಲಿನ ಮೇಲೆ. ‘ಮೈ ಲ್ಯಾಟರೈಟ್, ಮೈ ಹ್ಯಾಬಿಟ್ಯಾಟ್’ ಎಂಬ ನಾಗರಿಕ ವಿಜ್ಞಾನದ ಕೆಲಸದಲ್ಲಿ ಮುರಕಲ್ಲಿನ ಜೀವಿಗಳನ್ನು ದಾಖಲಿಸುತ್ತಿದ್ದ ರಮಿತ್ ಸಿಂಗಲ್ ಎಂಬ ಯುವಕನ ಕಣ್ಣಿಗೆ ಇದು ಬಿತ್ತು. ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದ ಸಂಶೋಧಕರು ಅವನ ಜೊತೆ ಸೇರಿ ಇದರ ಮೈ ಅಳತೆ, ದನಿ, ವಂಶವಾಹಿ ಮೂರನ್ನೂ ಹತ್ತಿರದ ಸಂಬಂಧಿ ಕಪ್ಪೆಗಳ ಜೊತೆ ಹೋಲಿಸಿ ಇದು ಬೇರೆಯೇ ಎಂದು ತೋರಿಸಿದರು. ಆಗ ಅವರು ಅಂದಾಜು ಮಾಡಿದ ಇದರ ಹರವು ಸುಮಾರು 150 ಚದರ ಕಿಲೋಮೀಟರ್, ಅಷ್ಟೇ.

ಹೆಸರಿಟ್ಟ ರೀತಿಯಲ್ಲೇ ಒಂದು ಜಾಣತನವಿದೆ. ಕಪ್ಪೆಗೆ ಯಾವುದಾದರೂ ದೊಡ್ಡ ಮನುಷ್ಯರ ಹೆಸರಿಡಬಹುದಿತ್ತು, ಊರಿನ ಹೆಸರಿಡಬಹುದಿತ್ತು. ಅವರು ಕಲ್ಲಿನ ಹೆಸರಿಟ್ಟರು. ಕರಾವಳಿಯವರು ಮುರಕಲ್ಲು ಎನ್ನುವ, ಪುಸ್ತಕದ ಕನ್ನಡ ಜಂಬಿಟ್ಟಿಗೆ ಎನ್ನುವ ಈ ಕಲ್ಲುಹಾಸು ಸರಕಾರಿ ಕಡತದಲ್ಲಿ ಬಹುಪಾಲು ‘ಬಂಜರು’. ಬಂಜರು ಎಂದ ಮೇಲೆ ಕೋರೆ ತೋಡಬಹುದು, ಸೈಟು ಮಾಡಬಹುದು, ಕಸ ಸುರಿಯಬಹುದು. ಬೇಸಿಗೆಯಲ್ಲಿ ಚಪ್ಪಲಿ ಸುಡುವ ಆ ಬಂಡೆಯ ಮೇಲೆ ಮಳೆಗಾಲದಲ್ಲಿ ಹುಳು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾದ ನೀಲಿ ಹೂ ಹಾಸುವುದನ್ನು ಕಡತ ಬರೆದವರು ನೋಡಿರಲಿಕ್ಕಿಲ್ಲ. ಅವರು ಬಂದದ್ದು ಏಪ್ರಿಲಿನಲ್ಲಿ ಇರಬೇಕು. ಈಗ ಕಪ್ಪೆಯ ಹೆಸರು ಹೇಳಿದವರೆಲ್ಲ ಕಲ್ಲಿನ ಹೆಸರನ್ನೂ ಹೇಳಬೇಕು.

ಆ ಕಲ್ಲಿನ ಹೆಸರಿಗೂ ಒಂದು ಕಥೆ ಇದೆ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂನಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ನೋಡಿದ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಿಂದ ‘ಲ್ಯಾಟರೈಟ್’ ಲೋಕಕ್ಕೆಲ್ಲ ಹಬ್ಬಿತು. ಜಂಬಿಟ್ಟಿಗೆ ಎಂದ ನಮ್ಮವರೂ ಆ ಕಲ್ಲಿನೊಳಗೆ ಇಟ್ಟಿಗೆಯನ್ನೇ ಕಂಡಿದ್ದರು ಎಂಬುದನ್ನು ನೆನೆದರೆ ನನಗೆ ಖುಷಿಯಾಗುತ್ತದೆ.

ಇಟ್ಟಿಗೆಯಿಂದ ಮಡಕೆಗೆ ಬರೋಣ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ನಡುಹಗಲಲ್ಲೂ ಮಬ್ಬು ಬೆಳಕು, ಮೊಣಕಾಲು ಮಡಚಿದಂತೆ ಬೇರು ಮೇಲೆತ್ತಿ ನಿಂತ ರಾಮಪತ್ರೆ ಜಾತಿಯ ಮರಗಳು, ಅವುಗಳ ಬುಡದಲ್ಲಿ ಜೌಗು. ಇದೇ ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇಲ್ಲಿನ ಹೊಳೆಯ ಕಪ್ಪೆಯೊಂದನ್ನು ಹೊಸತೆಂದು ಗುರುತಿಸಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಕರೆದರು. ನೀರಿನ ಮೇಲೆ ಚಾಚಿದ ಕಡ್ಡಿಗೋ ಬೇರಿಗೋ ಹೆಣ್ಣು ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಗಂಡು ಹೊಳೆಯ ತಳದಿಂದ ಕೈತುಂಬ ಕೆಸರು ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ತರುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಕಳ್ಳರ ಕಣ್ಣಿಗೆ ಬೀಳದಿರಲಿ ಎಂದು ಇರಬಹುದು. ಇದನ್ನು ಕಂಡವರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಲ್ಯಾಟಿನ್ ಪಟ್ಟಿಯೊಳಗೆ ಕನ್ನಡದ ‘ಕುಂಬಾರ’ ಹೋಗಿ ಕೂತಿತು.

ಪ್ರಕೃತಿ ವೀಕ್ಷಣೆಯನ್ನು ಹವ್ಯಾಸ ಎನ್ನುತ್ತೇವೆ. ನನಗೆ ಅದು ಕಸುಬಾಗಿಯೇ ಕಾಣುತ್ತದೆ, ಹೆಸರಿಲ್ಲದ್ದಕ್ಕೆ ಹೆಸರು ಹಿಡಿಯುವ ಕಸುಬು. ಅದಕ್ಕೆ ಕರ್ನಾಟಕದಲ್ಲಿ ಹಳೆಯ ಪರಂಪರೆಯೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ 1920ರಲ್ಲಿ ಕೊಡಗಿನ ಕಾವೇರಿ ತೀರ್ಥದ ಜೌಗಿನ ಸುತ್ತಲ ಕಾಡಿನ ಕಪ್ಪೆಯೊಂದನ್ನು ಹೆಸರಿಸಿದರು. ಅವರು ಇಟ್ಟ ಲ್ಯಾಟಿನ್ ಹೆಸರಿನ ಅರ್ಥವೇ ‘ಪವಿತ್ರ ಜೌಗು’. 91 ವರ್ಷ ಯಾರಿಗೂ ಸಿಕ್ಕದೆ 2011ರಲ್ಲಿ ಮತ್ತೆ ಪತ್ತೆಯಾದ ಕಪ್ಪೆ ಅದು. ರಾಯರು 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಹೌದು. ಗೊದಮೊಟ್ಟೆಯ ಗೊಡವೆಯೇ ಇಲ್ಲದೆ ಮೊಟ್ಟೆಯಿಂದ ನೇರ ಮರಿಯಾಗಿ ಹೊರಬರುವ ಪೊದೆಗಪ್ಪೆಗಳ ಒಂದು ಕುಲಕ್ಕೆ ಈಗ ಅವರದೇ ಹೆಸರು, ರಾವೊರ್ಕೆಸ್ಟಿಸ್.

ಪಾದೆಯ ಮೇಲೆ ನನ್ನ ಜೊತೆಗಿದ್ದ ಹುಡುಗನ ಕಥೆಗೆ ಬರುತ್ತೇನೆ. ಅವನು ಹೆಸರು ಬೇಡ ಎಂದಿದ್ದಾನೆ. ಎಂಜಿನಿಯರಿಂಗ್ ಓದುವಾಗ ಸೀನಿಯರ್ ಒಬ್ಬರ ಬೈನಾಕ್ಯುಲರ್ ಎರವಲು ಪಡೆದು ಹಕ್ಕಿ ನೋಡಲು ಹೊರಟವನು. ಮಳೆಗಾಲದಲ್ಲಿ ಹಕ್ಕಿ ಕಡಿಮೆ, ಕಪ್ಪೆ ಜಾಸ್ತಿ. ಹಾಗೆ ದಾರಿ ತಿರುಗಿತು. ಗುರುರಾಜರ ‘ಪಿಕ್ಟೋರಿಯಲ್ ಗೈಡ್ ಟು ಫ್ರಾಗ್ಸ್ ಆ್ಯಂಡ್ ಟೋಡ್ಸ್ ಆಫ್ ದ ವೆಸ್ಟರ್ನ್ ಘಾಟ್ಸ್’ (2012) ಅವನ ಚೀಲದಲ್ಲಿ ಯಾವಾಗಲೂ ಇರುತ್ತದೆ, ನೀರು ಕುಡಿದು ಉಬ್ಬಿದೆ. ಒಂದು ವರ್ಷ ಕಂಪನಿಯಲ್ಲಿ ದುಡಿದು ಬಿಟ್ಟ. ಈಗ ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಬದುಕು. ಅಮ್ಮ ಇವತ್ತಿಗೂ ಕೇಳುವುದು ಒಂದೇ ಮಾತು: “ಕಪ್ಪೆ ನೋಡಿದ್ರೆ ಹೊಟ್ಟೆ ತುಂಬ್ತದಾ ಮಗಾ?” ಅವನ ಹತ್ತಿರ ಉತ್ತರವಿಲ್ಲ. ಈ ಕಸುಬಿನಲ್ಲಿ ಖಾಯಂ ಸಂಬಳ ಅಪರೂಪ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವೂ ಇಲ್ಲ.

ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಊರವರಿಗೆ ಅಡ್ನಾಡಿಯಾಗಿ ಕಂಡ ಮಂದಣ್ಣನಲ್ಲಿ ವಿಜ್ಞಾನಿ ಹುಟ್ಟು ನ್ಯಾಚುರಲಿಸ್ಟನನ್ನು ಕಾಣುತ್ತಾರಲ್ಲ, ಅದು 1980ರ ಕಾದಂಬರಿ. ಅಮ್ಮಂದಿರ ಪ್ರಶ್ನೆ ಮಾತ್ರ ಇನ್ನೂ ಹಳತಾಗಿಲ್ಲ.

ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಮೊದಲು ಕಿವಿ, ಆಮೇಲೆ ಕಣ್ಣು. ದನಿ ಎಲ್ಲಿಂದ ಎಂದು ಖಚಿತವಾಗುವವರೆಗೆ ಕಾಲು ಎತ್ತುವುದಿಲ್ಲ, ಕತ್ತಲಲ್ಲಿ ತುಳಿದೇ ಕೊಂದುಬಿಡುವ ಭಯ. ಫೋನಿನಲ್ಲಿ ದನಿ ಮುದ್ರಿಸುತ್ತಾನೆ, ಆಗ ನನ್ನ ಉಸಿರಿಗೂ ಬೈಗುಳ ಬೀಳುತ್ತದೆ. ಗಾಳಿಯ ಶಾಖ, ತೇವ, ಹೊತ್ತು, ಜಾಗ ಎಲ್ಲವನ್ನೂ ಪುಸ್ತಕಕ್ಕೆ ಪೆನ್ಸಿಲ್‌ನಲ್ಲೇ ಬರೆಯುತ್ತಾನೆ, ಮಳೆಗೆ ಪೆನ್ನಿನ ಶಾಯಿ ಉಳಿಯುವುದಿಲ್ಲ. ಕಪ್ಪೆಯನ್ನು ಮುಟ್ಟುವುದಿಲ್ಲ. ಅದು ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಗೆ ಸವರಿದ ಸೊಳ್ಳೆ ಮುಲಾಮೇ ಅದಕ್ಕೆ ವಿಷವಾದೀತು. ಘಟ್ಟದ ಮೇಲೆ ಹೋದರೆ ಇದಕ್ಕೆಲ್ಲ ಉಂಬಳದ ಕಾಟ ಬೇರೆ. ಕಾಲ್ಚೀಲಕ್ಕೆ ಹೊಗೆಸೊಪ್ಪಿನ ನೀರು ಸವರಿಕೊಂಡರೂ ಹತ್ತುವುದು ಹತ್ತುತ್ತದೆ.

ಇಷ್ಟಾದ ಮೇಲೆ ಅರ್ಧ ಕೆಲಸ. ಉಳಿದರ್ಧ ಹೇಳುವುದು. ಶನಿವಾರ ಶಾಲೆಗೆ ಹೋಗಿ ಮಕ್ಕಳಿಗೆ ಕಣ್ಣು ಮುಚ್ಚಿಸಿ ದನಿಗಳನ್ನು ಕೇಳಿಸುತ್ತಾನೆ. ಯಾವುದು ಕಪ್ಪೆ, ಯಾವುದು ಹುಳು? ಮೇಷ್ಟ್ರುಗಳೇ ಹೆಚ್ಚು ಸೋಲುತ್ತಾರಂತೆ. ಫೋಟೊಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಂಚುತ್ತಾನೆ. ಆದರೆ ಜಾಗದ ಗುರುತು ಕೊಡುವುದಿಲ್ಲ. ಒಂದು ಚಿತ್ರ ಜನಪ್ರಿಯವಾದರೆ ಮರುವಾರವೇ ಹತ್ತು ಕ್ಯಾಮೆರಾ ಬರುತ್ತವೆ, ಕಲ್ಲು ಮಗುಚುತ್ತಾರೆ, ಚಿತ್ರ ಚೆನ್ನಾಗಿ ಬರಲೆಂದು ಕಪ್ಪೆಯನ್ನು ಎತ್ತಿ ಎಲೆಯ ಮೇಲೆ ಕೂರಿಸುತ್ತಾರೆ. ಅಂಥ ಚಿತ್ರಗಳಿಗೆ ಬಹುಮಾನ ಬರುವುದನ್ನೂ ನೋಡಿದ್ದೇನೆ. ಪರಿಸರದ ಕಥೆ ಹೇಳುವವನಿಗೆ ಎಲ್ಲಿ ಬಾಯಿ ಮುಚ್ಚಬೇಕೆಂದೂ ಗೊತ್ತಿರಬೇಕು ಎಂದು ನನಗೆ ಅನಿಸಿದ್ದು ಇವನನ್ನು ನೋಡಿದ ಮೇಲೆ.

ಮಣಿಪಾಲದ ಮಗ್ಗುಲಿನ ಉಡುಪಿಗೆ ಕಪ್ಪೆ ಹೊಸತೇನಲ್ಲ. ಮಳೆ ತಡವಾಯಿತೆಂದು 2019ರ ಜೂನ್‌ನಲ್ಲಿ ಇದೇ ಊರಿನಲ್ಲಿ ಎರಡು ಕಪ್ಪೆಗಳಿಗೆ ವರುಣ, ವರ್ಷಾ ಎಂದು ಹೆಸರಿಟ್ಟು ಸಾಂಗವಾಗಿ ಮದುವೆ ಮಾಡಿದ್ದರು. ದೇಶದ ಪತ್ರಿಕೆಗಳೆಲ್ಲ ಬರೆದವು. ಮೂರು ವರ್ಷ ಮೊದಲೇ ಊರಿನದೇ ಸ್ವಂತ ಕಪ್ಪೆಗೆ ನಾಮಕರಣವಾಗಿತ್ತು. ಆ ಶಾಸ್ತ್ರಕ್ಕೆ ಮಾತ್ರ ಇಷ್ಟು ಜನ ಸೇರಿರಲಿಲ್ಲ. ಮದುವೆಯನ್ನು ಹಂಗಿಸುವುದು ಸುಲಭ. ಮಳೆಗೂ ಕಪ್ಪೆಗೂ ನಂಟಿದೆ ಎಂಬ ನೆನಪನ್ನಾದರೂ ಅದು ಉಳಿಸಿಕೊಂಡಿದೆ ಎಂದು ಹುಡುಗ ವಾದಿಸುತ್ತಾನೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚಪ್ಪರ ಕಟ್ಟಿದವರ ಪೈಕಿ ಒಬ್ಬರಾದರೂ ಪಾದೆಯ ಮೇಲೆ ಬಂದು ಕೂತಿದ್ದರೆ ಒಪ್ಪುತ್ತಿದ್ದೆ.

ಅಂದು ಆ ಹಿರಿಯರು ಹೊರಡಲಿಲ್ಲ. ಹುಡುಗ ಫೋನಿನಲ್ಲಿ ಮುದ್ರಿಸಿದ್ದನ್ನು ಹಾಕಿ ಕೇಳಿಸಿದ. ಅವರು ಕೊಡೆ ಮಡಚಿ, ಫೋನನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಕೇಳಿದರು.

“ಇದು ನಮ್ಮ ಬಾವಿಕಟ್ಟೆಯ ಹತ್ರವೂ ಕೂಗ್ತದಲ್ಲ. ನಾನು ಇಷ್ಟು ವರ್ಷ ಹುಳ ಅಂತ ತಿಳ್ಕೊಂಡಿದ್ದೆ.”

ಹುಡುಗ ಚೀಲದಿಂದ ಪುಸ್ತಕ ತೆಗೆದ. “ಯಾವ ಹೊತ್ತಿಗೆ ಅಜ್ಜ? ಮಳೆ ಬರುವ ಮುಂಚೆಯಾ, ನಿಂತ ಮೇಲಾ?”

“ನಿಂತ ಮೇಲೆ. ಬನ್ನಿ, ತೋರಿಸ್ತೇನೆ. ದೂರ ಇಲ್ಲ, ಆ ಕೋರೆಯ ಆಚೆಗೇ ನಮ್ಮ ಮನೆ.”

ಗಂಟೆ ಹತ್ತೂವರೆ. ಮತ್ತೆ ಹನಿ ಶುರುವಾಗಿತ್ತು. ಅವರು ಮುಂದೆ, ನಾವು ಹಿಂದೆ. ದಾರಿಯುದ್ದಕ್ಕೂ ಅವರು ಟಾರ್ಚನ್ನು ನೆಲಕ್ಕೇ ಹಿಡಿದು, ಕಾಲಿಡುವ ಮೊದಲು ನೋಡಿ ನೋಡಿ ನಡೆದರು.